ಬೊಳ್ಳಮ್ಮನ ನಾಲ್ಕನೆಯ ಪ್ರಶ್ನೆ

ಬೊಳ್ಳಮ್ಮನ ಮೊದಲನೆಯ ಪ್ರಶ್ನೆಯನ್ನು ವಿಶಾಲಾಕ್ಷಮ್ಮ ಕೆಂಪು ಪೆನ್ಸಿಲಿನಿಂದ ಹೊಡೆದು ಹಾಕಿದ್ದು ಇಡೀ ತರಗತಿಯ ಎದುರಿಗೆ. ಹೊಡೆಯುವ ಮೊದಲು ಅದನ್ನು ಗಟ್ಟಿಯಾಗಿ ಓದಿಯೂ ಓದಿದರು: ‘ಕೊಡಗಿನ ಬಸುರಿ ಹೆಂಗಸರಲ್ಲಿ ರಕ್ತ ಕಡಿಮೆ ಇರುವುದಕ್ಕೆ ಕಾರಣವೇನು?’ ಓದಿ ಮುಗಿಸಿ ಕನ್ನಡಕವನ್ನು ಹಣೆಗೆ ಏರಿಸಿಕೊಂಡು, ಕೊಡಗಿನಲ್ಲಿ ಬಸುರಿಯರು ಎಷ್ಟು ಮಂದಿ ಇದ್ದಾರೆ ಎಂದು ಕೇಳಿದರು. ಬೊಳ್ಳಮ್ಮನಿಗೆ ಗೊತ್ತಿರಲಿಲ್ಲ. ಅಷ್ಟೂ ಮಂದಿಯನ್ನು ಆರು ತಿಂಗಳಲ್ಲಿ ನೋಡಿ ಮುಗಿಸುತ್ತೀಯಾ ಎಂದು ಕೇಳಿದರು.

“ನಿನ್ನ ಎರಡು ಕಾಲು ಎಲ್ಲಿವರೆಗೆ ನಡೀತಾವೋ ಅಲ್ಲಿವರೆಗಿನ ಪ್ರಶ್ನೆ ಕೇಳು,” ಎಂದರು ವಿಶಾಲಾಕ್ಷಮ್ಮ. “ಇನ್ನೂ ಒಂದು ಮಾತು. ಕೇಳಿದ ಪ್ರಶ್ನೆಗೆ ‘ಇಲ್ಲ’ ಅಂತ ಉತ್ತರ ಬರೋದಕ್ಕೂ ಜಾಗ ಇರಬೇಕು. ನೀನು ಅಂದುಕೊಂಡಿದ್ದು ತಪ್ಪು ಅಂತ ನಿನಗೇ ಹೇಳೋ ಹಾಗಿರಬೇಕು.”

ಈ ಪ್ರಶ್ನೆಯ ಕಾಟ ಹೊಸದು. ಬೊಳ್ಳಮ್ಮ ಮಡಿಕೇರಿಯ ದಾದಿಯರ ತರಬೇತಿ ಶಾಲೆಗೆ ಸೇರಿದಾಗ ಕೊಡಗು ಇನ್ನೂ ತನ್ನಷ್ಟಕ್ಕೆ ತಾನೇ ಒಂದು ರಾಜ್ಯವಾಗಿತ್ತು. ತರಬೇತಿ ಮುಗಿಯುವ ಹೊತ್ತಿಗೆ ಅದು ಮೈಸೂರು ರಾಜ್ಯದ ಒಂದು ಜಿಲ್ಲೆಯಾಗಿ ವರ್ಷ ಕಳೆದಿತ್ತು. ಮೈಸೂರಿನಿಂದ ಹೊಸ ನಮೂನೆಗಳು ಬಂದವು, ಹೊಸ ರಿಜಿಸ್ಟರುಗಳು ಬಂದವು, ಅವುಗಳ ಬೆನ್ನಿಗೇ ವರ್ಗವಾಗಿ ಪಾಠ ಹೇಳುವ ಹಿರಿಯ ಸಿಸ್ಟರ್ ವಿಶಾಲಾಕ್ಷಮ್ಮ ಬಂದರು. ದಾದಿಯರಾಗಲು ಕಲಿಯುತ್ತಿದ್ದ ಪ್ರತಿಯೊಬ್ಬಳೂ ಕಡೆಯ ಆರು ತಿಂಗಳು ಯಾವುದಾದರೂ ಹಳ್ಳಿಯ ಔಷಧಾಲಯದಲ್ಲಿದ್ದು, ತಾನೇ ಒಂದು ಪ್ರಶ್ನೆ ಹಾಕಿಕೊಂಡು, ರೋಗಿಗಳನ್ನು ನೋಡಿ, ತಾನೇ ಉತ್ತರ ಬರೆದು ಒಪ್ಪಿಸಬೇಕೆಂದು ಅವರು ಕಟ್ಟುಮಾಡಿದರು. ಒಪ್ಪಿಸದಿದ್ದರೆ ಸರ್ಟಿಫಿಕೇಟ್ ಇಲ್ಲ. ಉಳಿದ ಹುಡುಗಿಯರು ಹಿಂದಿನಿಂದ ಶಪಿಸಿದರು. ಬೊಳ್ಳಮ್ಮ ಶಪಿಸಲಿಲ್ಲ, ಆದರೆ ಆ ಕೆಂಪು ಗೆರೆಯನ್ನು ಮರೆಯಲೂ ಇಲ್ಲ.

ಅವಳು ಹುಡುಗಿಯೂ ಆಗಿರಲಿಲ್ಲ ಬಿಡಿ. ಇಪ್ಪತ್ತೆಂಟು ವರ್ಷದ ಹೆಂಗಸು. ಭಾಗಮಂಡಲದ ಕಡೆಯ ಅರೆಭಾಷೆ ಆಡುವ ಗೌಡರ ಮನೆಯವಳು, ಇಪ್ಪತ್ತರಲ್ಲೇ ಗಂಡನನ್ನು ಕಳೆದುಕೊಂಡು ನಾಪೋಕ್ಲಿನಿಂದ ತವರಿಗೆ ಮರಳಿದವಳು. ಅಣ್ಣನ ಮನೆಯ ಒಲೆಯ ಮುಂದೆ ಕೂತು ಮುದುಕಿಯಾಗುವುದಿಲ್ಲ ಎಂದು ಹೇಳಿ ಔಷಧಾಲಯವೊಂದರಲ್ಲಿ ಆಯಾ ಕೆಲಸಕ್ಕೆ ಸೇರಿ, ಆರು ವರ್ಷ ನೀರು ಕಾಯಿಸಿ, ಸೂಜಿ ಕುದಿಸಿ, ಬೇರೆಯವರ ರಕ್ತದ ಬಟ್ಟೆ ಒಗೆದಿದ್ದಳು. ಅದಕ್ಕೂ ಮೊದಲೇ ಅವಳ ಅಕ್ಕ ತಂಗಮ್ಮ ಹೆರಿಗೆಯಲ್ಲಿ ರಕ್ತ ಹೋಗಿ ತೀರಿಕೊಂಡಿದ್ದಳು. ಬೊಳ್ಳಮ್ಮ ಅಕ್ಕನ ಕಾಲ ಬಳಿ ಕೂತಿದ್ದಳು, ಅಂಗಾಲು ಬಿಳಿಚಿಕೊಂಡದ್ದನ್ನು ಕಣ್ಣಾರೆ ಕಂಡಿದ್ದಳು. ಅವಳ ಮೊದಲನೆಯ ಪ್ರಶ್ನೆ ಹುಟ್ಟಿದ್ದು ಅಲ್ಲಿ. ಅದನ್ನು ಅಷ್ಟು ಸುಲಭವಾಗಿ ಹೊಡೆದು ಹಾಕಿದರಲ್ಲ ಎಂದು ಅವಳಿಗೆ ಉರಿಯಿತು. ಉರಿದರೂ, ಸರ್ಟಿಫಿಕೇಟ್ ಇಲ್ಲದೆ ಮತ್ತೆ ಬಟ್ಟೆ ಒಗೆಯಲು ಹೋಗುವುದಿಲ್ಲ ಎಂದು ಅಂದೇ ತೀರ್ಮಾನ ಮಾಡಿಕೊಂಡಳು.

ಡಿಸೆಂಬರಿನಲ್ಲಿ ಸುಗ್ಗಿಯ ಹುತ್ತರಿ ಹಬ್ಬ ಮುಗಿದ ಮೇಲೆ ಅವಳನ್ನು ಹೊಸಗದ್ದೆಗೆ ಹಾಕಿದರು. ಶನಿವಾರಸಂತೆಗೆ ಹೋಗುವ ದಾರಿಯಲ್ಲಿ, ಸಂತೆಗೆ ಮೂರು ಮೈಲಿ ಇರುವಾಗ ಸಿಗುವ ಊರು. ಎರಡು ಕೋಣೆಯ ಔಷಧಾಲಯ, ಹಿಂದುಗಡೆ ಒಂದು ಕ್ವಾರ್ಟರ್ಸು. ಅಲ್ಲಿನ ಡಾಕ್ಟರು ದೇರಪ್ಪ ಒಳ್ಳೆಯ ಕೈಗುಣದ ಮನುಷ್ಯ. ಹನ್ನೊಂದು ಊರುಗಳ ಜ್ವರ, ಗಾಯ, ಹಾವುಕಡಿತ ಎಲ್ಲವೂ ಅವರೊಬ್ಬರ ತಲೆಯ ಮೇಲಿದ್ದುದರಿಂದ ಅವರಿಗೆ ಕೂತು ಯೋಚಿಸಲು ಪುರುಸೊತ್ತಿರಲಿಲ್ಲ, ಕೋಪಿಸಿಕೊಳ್ಳಲು ಮಾತ್ರ ಹೇಗೋ ಪುರುಸೊತ್ತು ಸಿಗುತ್ತಿತ್ತು.

ಶನಿವಾರ ಬಂತೆಂದರೆ ಔಷಧಾಲಯದ ಜಗಲಿ ತುಂಬುತ್ತಿತ್ತು. ಸಂತೆಗೆ ಹೋಗುವ ಹೆಂಗಸರು ಖಾಲಿ ಸೀಸೆ ಇಟ್ಟು ಹೋಗುವರು, ಬರುವಾಗ ತುಂಬಿದ ಸೀಸೆ ಒಯ್ಯುವರು. ಬಸುರಿಯರಿಗೆ ಕೊಡುತ್ತಿದ್ದುದು ಕಬ್ಬಿಣದ ಔಷಧಿ. ಸೀಸೆಗೆ ಅಂಟಿಸಿದ ಕಾಗದದ ಪಟ್ಟಿಯಲ್ಲಿ ಗೆರೆ ಕತ್ತರಿಸಿರುತ್ತಿತ್ತು, ಬೆಳಿಗ್ಗೆ ಒಂದು ಗೆರೆ, ಸಂಜೆ ಒಂದು ಗೆರೆ ಕುಡಿಯಬೇಕು. ಬಾಯಿಗೆ ಹಾಕಿದರೆ ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗೆ. ರಕ್ತ ಎಷ್ಟಿದೆ ಎಂದು ನೋಡಲು ಬೆರಳಿಗೆ ಸೂಜಿ ಚುಚ್ಚಿ, ಒಂದು ತೊಟ್ಟನ್ನು ಶಾಯಿ ಹೀರುವಂಥ ಒತ್ತುಕಾಗದಕ್ಕೆ ತಾಗಿಸಿ, ಆ ಕಲೆಯನ್ನು ಪುಸ್ತಕದಲ್ಲಿದ್ದ ಹತ್ತು ಕೆಂಪು ಚೌಕಗಳ ಜೊತೆ ಹಿಡಿದು ನೋಡುತ್ತಿದ್ದರು. ಒಂದನೆಯ ಚೌಕ ತೊಳೆದ ಗುಲಾಬಿ ಬಣ್ಣ, ಹತ್ತನೆಯದು ಒಳ್ಳೆಯ ದಾಸವಾಳ. ಹೊಸಗದ್ದೆಯ ಸುತ್ತಿನ ಹದಿನಾಲ್ಕು ಬಸುರಿಯರ ರಕ್ತ ಐದನ್ನು ದಾಟಿರಲಿಲ್ಲ.

ಅವರಲ್ಲಿ ಚಲುವಮ್ಮನದು ನಾಲ್ಕು. ಅವಳ ಅತ್ತೆಮನೆಯವರು ಹಾಸನದ ಕಡೆಯಿಂದ ಬಂದು ಗದ್ದೆ ಮಾಡಿಕೊಂಡು ನೆಲೆಸಿದವರು. ಇದು ಮೂರನೆಯ ಬಸುರು, ಐದು ತಿಂಗಳು ತುಂಬಿತ್ತು. ಹಿಂದಿನ ಹೆರಿಗೆಯಲ್ಲಿ ರಕ್ತ ಹೋಗಿ ಎರಡು ತಿಂಗಳು ಮಲಗಿದ್ದಳಂತೆ. ದೇರಪ್ಪನವರು ಬೊಳ್ಳಮ್ಮನನ್ನು ಒಳಗೆ ಕರೆದು, ಈ ರಕ್ತದಲ್ಲೇ ಈಕೆ ಹೆರಿಗೆಗೆ ಬಂದರೆ ತನ್ನ ಕೈಲಿ ಏನೂ ಆಗುವುದಿಲ್ಲ, ಹೆರುವಷ್ಟರಲ್ಲಿ ಆರನೆಯ ಚೌಕವನ್ನಾದರೂ ಮುಟ್ಟಿಸಬೇಕು ಎಂದರು. ಬೊಳ್ಳಮ್ಮ ಮುಟ್ಟಿಸುತ್ತೇನೆ ಎಂದಳು. ಹೇಗೆಂದು ಅವಳಿಗೂ ಗೊತ್ತಿರಲಿಲ್ಲ.

ಆರು ವಾರ ಸೀಸೆಗಳು ಬಂದವು, ಹೋದವು. ತೋಟಗಳಲ್ಲಿ ಕಾಫಿ ಕೊಯ್ಲು ನಡೆದು ಮುಗಿಯುತ್ತ ಬಂತು. ಒತ್ತುಕಾಗದದ ಕಲೆ ಮಾತ್ರ ಇದ್ದಲ್ಲೇ ಇತ್ತು. ಚಲುವಮ್ಮನದು ನಾಲ್ಕು ಇದ್ದದ್ದು ನಾಲ್ಕೇ. ದೇರಪ್ಪನವರ ತೀರ್ಪು ಆಗಲೇ ಆಗಿಹೋಗಿತ್ತು: ಇವರು ಔಷಧಿ ಕುಡಿಯುವುದಿಲ್ಲ, ಮನೆಗೆ ಒಯ್ದು ಬಾಳೆಬುಡಕ್ಕೆ ಸುರಿಯುತ್ತಾರೆ. ಹಾಗೆಂದು ತಿಂಗಳ ವರದಿಯಲ್ಲಿ ಬರೆದು, ಬರುವ ಅಷ್ಟಿಷ್ಟು ಔಷಧಿಯನ್ನು ಕುಡಿಯುವವರಿರುವ ಕಡೆಗೆ ಕಳಿಸಿ ಎಂದು ಹೇಳಿಬಿಡುತ್ತೇನೆ ಎಂದರು. ಮುಂದಿನ ವರದಿಗೆ ಹದಿನೈದು ದಿನವಿತ್ತು.

ಹದಿನೈದು ದಿನಕ್ಕೊಮ್ಮೆ ಮಡಿಕೇರಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ವಿಶಾಲಾಕ್ಷಮ್ಮನವರ ಮುಂದೆ ಬೊಳ್ಳಮ್ಮ ಎರಡನೆಯ ಪ್ರಶ್ನೆ ಇಟ್ಟಳು: ‘ಹೊಸಗದ್ದೆಯ ಬಸುರಿಯರು ಕಬ್ಬಿಣದ ಔಷಧಿಯನ್ನು ಏಕೆ ಕುಡಿಯುವುದಿಲ್ಲ?’ ಈಗ ಊರು ಒಂದೇ, ಹೆಂಗಸರು ಹದಿನಾಲ್ಕೇ, ಔಷಧಿ ಒಂದೇ. ಕಾಲು ನಡೆಯುವಷ್ಟೇ ದೂರ. ಈ ಸಲ ಒಪ್ಪಲೇಬೇಕು ಎಂದುಕೊಂಡಿದ್ದಳು.

“ಕುಡಿಯೋದಿಲ್ಲ ಅಂತ ನಿನಗೆ ಯಾರು ಹೇಳಿದರು?”

“ಡಾಕ್ಟರು ಹೇಳಿದರು ಸಿಸ್ಟರ್.”

“ಡಾಕ್ಟರು ನೋಡಿದಾರಾ? ನೀನು ನೋಡಿದೀಯಾ? ಉತ್ತರಾನ ಮೊದಲೇ ಪ್ರಶ್ನೆಯ ಸೆರಗಿಗೆ ಕಟ್ಟಿಕೊಂಡು ಹೊರಟಿದೀಯಲ್ಲ.” ಹೀಗೆಂದು ಪೆನ್ಸಿಲ್ ತೆಗೆದರು. ಎರಡನೆಯದಕ್ಕೂ ಕೆಂಪು ಗೆರೆ ಬಿತ್ತು. ಆಮೇಲೆ ಅವಳ ಮುಖವನ್ನೇ ನೋಡಿ, ನಿನ್ನ ನಾಲಿಗೆ ಏಕೆ ಹೀಗೆ ಕಪ್ಪಾಗಿದೆ, ವೀಳ್ಯ ಜಾಸ್ತಿ ಮಾಡಿದೀಯಾ ಎಂದು ವಿಚಾರಿಸಿದರು. ವೀಳ್ಯ ಹಾಕುವ ಅಭ್ಯಾಸ ತನಗಿಲ್ಲ ಎಂದು ಬೊಳ್ಳಮ್ಮ ಸಿಡುಕಿಕೊಂಡೇ ಹೇಳಿದಳು. ಪ್ರಶ್ನೆ ಬಿಟ್ಟು ನಾಲಿಗೆ ನೋಡುತ್ತಾರಲ್ಲ ಎಂದು ಅವಳ ಸಿಟ್ಟು.

ಮೂರನೆಯ ಪ್ರಶ್ನೆಯನ್ನು ಬರೆಯದೆ ಬಾಯಲ್ಲೇ ಇಟ್ಟುಕೊಂಡು ನಡೆದಳು: ಕುಡಿಯುತ್ತಾರೋ, ಇಲ್ಲವೋ? ಹದಿನಾಲ್ಕು ಮನೆಗೂ ಹೋಗುವ ರೂಢಿ ಅವಳಿಗೆ ಮೊದಲಿನಿಂದಲೇ ಇತ್ತು. ಈಗ ವಾರಕ್ಕೆ ಎರಡು ಸಲ ಹೋದಳು. ಗದ್ದೆಯ ಬದುವಿನ ಮೇಲೆ ನಡೆದಳು, ತೋಟದ ಬೇಲಿ ದಾಟಿದಳು. ಹೋದ ಮನೆಯಲ್ಲೆಲ್ಲ ಮೊದಲು ಬರುವುದು ಒಂದು ಲೋಟ ಬೆಲ್ಲದ ಕಾಫಿ. ಕೊಡಗಿನಲ್ಲಿ ಅದನ್ನು ಬೇಡ ಎನ್ನುವುದು ಮನೆಯವರ ಮುಖಕ್ಕೆ ಹೊಡೆದ ಹಾಗೆ. ಕುಡಿದು ಕೇಳುವಳು, ಔಷಧಿ ಕುಡಿಯುತ್ತೀರಾ ಎಂದು. ದಿನಾ ಕುಡಿಯುತ್ತೇವೆ, ಎರಡು ಹೊತ್ತೂ ಕುಡಿಯುತ್ತೇವೆ ಎಂದು ಹದಿನಾಲ್ಕು ಮಂದಿಯೂ ಹೇಳಿದರು. ಸೀಸೆ ನೋಡಿದರೆ ಗೆರೆಗೆ ಸರಿಯಾಗಿ ಔಷಧಿ ಇಳಿದಿರುತ್ತಿತ್ತು. ಬಾಳೆಬುಡಗಳನ್ನೂ ಬಗ್ಗಿ ನೋಡಿ ಬಂದಳು. ಅಲ್ಲಿ ಪಾತ್ರೆ ತೊಳೆದ ನೀರು ಬಿಟ್ಟರೆ ಬೇರೇನೂ ಇರಲಿಲ್ಲ.

ಆದರೆ ತರಗತಿಯಲ್ಲಿ ಕಲಿತ ಒಂದು ಸಂಗತಿ ಅವಳಿಗೆ ನೆನಪಿತ್ತು. ಕಬ್ಬಿಣದ ಔಷಧಿ ಕುಡಿದವರ ನಾಲಿಗೆ, ಹಲ್ಲಿನ ಸಂದು ಕಪ್ಪಾಗುತ್ತದೆ. ಒಂದು ಬೆಳಿಗ್ಗೆ ಚಲುವಮ್ಮನ ಬಾಯಿ ತೆಗೆಸಿ ನೋಡಿದಳು. ನಾಲಿಗೆ ಬಿಳಿಚಿಕೊಂಡಿತ್ತು, ಕಪ್ಪಿನ ಸುಳಿವೂ ಇರಲಿಲ್ಲ. ಬೊಳ್ಳಮ್ಮನಿಗೆ ತಡೆಯಲಾಗಲಿಲ್ಲ. ಸಿಟ್ಟು ಬಂದಾಗ ಅವಳ ಬಾಯಿಗೆ ಬರುವುದು ತವರಿನ ಮಾತು.

“ನೀ ಕುಡೀತಾ ಇಲ್ಲೆ, ನಂಗೆ ಗೊತ್ತುಟ್ಟು,” ಎಂದಳು. “ಸುಳ್ಳು ಹೇಳಿದ್ರೆ ಸಾಯೋದು ನಾನಲ್ಲ.”

ಚಲುವಮ್ಮನ ಕಣ್ಣು ತುಂಬಿತು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, “ಈ ಕೂಸಿನ ಮೇಲಾಣೆ ನರ್ಸಮ್ಮ, ಒಂದು ಹೊತ್ತೂ ತಪ್ಪಿಸಿಲ್ಲ,” ಎಂದಳು. ಅವಳ ಅತ್ತೆ ಕಾಂತಮ್ಮ ಒಳಗಿನಿಂದ ಬಂದವಳು ಮುಖ ಗಂಟಿಕ್ಕಿ ನಿಂತಳು. ಬೊಳ್ಳಮ್ಮ ಚೀಲ ಎತ್ತಿಕೊಂಡು ಹೊರಟಳು. ಬೇಲಿಯವರೆಗೆ ಹೋಗಿದ್ದಾಳೆ, ಚಲುವಮ್ಮ ಏದುಸಿರು ಬಿಡುತ್ತ ಹಿಂದಿನಿಂದ ಬಂದು ಕಾಫಿ ಲೋಟ ಹಿಡಿದಳು. ಬೈದವರನ್ನೂ ಹಾಗೆಯೇ ಕಳಿಸಬಾರದು, ಅದು ಮನೆಯ ಕ್ರಮ. ಬೊಳ್ಳಮ್ಮ ನಿಂತೇ ಕುಡಿದು ಲೋಟ ಕೊಟ್ಟಳು. ಆ ಏದುಸಿರು ಅವಳ ಕಿವಿಯಲ್ಲಿ ದಾರಿಯುದ್ದಕ್ಕೂ ಉಳಿಯಿತು.

ಕ್ವಾರ್ಟರ್ಸಿಗೆ ಬಂದು ಮುಖ ತೊಳೆದು ಕನ್ನಡಿಯ ಮುಂದೆ ನಿಂತವಳು ಏನೋ ನೆನಪಾಗಿ ನಾಲಿಗೆ ಚಾಚಿದಳು. ವಿಶಾಲಾಕ್ಷಮ್ಮ ಹೇಳಿದ್ದು ನಿಜ. ನಾಲಿಗೆಯ ನಡುವೆ ಕಪ್ಪು, ಹಲ್ಲಿನ ಸಂದಿನಲ್ಲಿ ಕಪ್ಪು. ಹೆಬ್ಬೆರಳಿನಿಂದ ಉಜ್ಜಿದರೂ ಹೋಗಲಿಲ್ಲ. ಕಬ್ಬಿಣದ ಔಷಧಿ ಕುಡಿಯುವವಳ ನಾಲಿಗೆ ಹೇಗಿರಬೇಕೆಂದು ಪುಸ್ತಕದಲ್ಲಿತ್ತೋ ಹಾಗೆಯೇ ಇತ್ತು. ಅವಳು ಒಂದು ತೊಟ್ಟು ಔಷಧಿಯನ್ನೂ ಮುಟ್ಟಿದವಳಲ್ಲ. ಅನ್ನ ತಿಂದದ್ದು ತಾನೇ ಬೇಯಿಸಿದ್ದು, ನೀರು ಕುಡಿದದ್ದು ಔಷಧಾಲಯದ ಬಾವಿಯದ್ದು. ಬೇರೆಯವರ ಕೈಯಿಂದ ಅವಳ ಬಾಯಿಗೆ ಹೋದದ್ದು ಒಂದೇ ಒಂದು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಕಾಂತಮ್ಮನ ಅಡುಗೆಮನೆಯ ಬಾಗಿಲಲ್ಲಿ ಬೊಳ್ಳಮ್ಮ ನಿಂತಿದ್ದಳು. ನಿನ್ನೆ ಆಡಿದ ಮಾತು ತಪ್ಪಾಯಿತು, ಕೂತು ಒಂದು ಲೋಟ ಕಾಫಿ ಕುಡಿದು ಹೋಗೋಣವೆಂದು ಬಂದೆ ಎಂದಳು. ಕಾಂತಮ್ಮ ಉಸಿರು ಬಿಟ್ಟು ಮಣೆ ಹಾಕಿದಳು. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಿತು, ಬೆಲ್ಲ ಬಿತ್ತು, ಕಾಫಿಪುಡಿ ಬಿತ್ತು. ಪಾತ್ರೆ ಇಳಿಸಿ, ಕಾಂತಮ್ಮ ಗೂಡಿನಿಂದ ಸೀಸೆ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ಗೆರೆ ನೋಡಿದಳು. ಬಹಳ ಜತನದಿಂದ, ಒಂದು ತೊಟ್ಟು ಹೆಚ್ಚಾಗದಂತೆ, ಒಂದು ತೊಟ್ಟು ಕಡಿಮೆಯಾಗದಂತೆ, ಒಂದು ಗೆರೆಯಷ್ಟು ಔಷಧಿಯನ್ನು ಪಾತ್ರೆಗೆ ಸುರಿದು ಸೌಟಿನಿಂದ ತಿರುವಿದಳು. ಕಾಫಿ ಶಾಯಿಯ ಹಾಗೆ ಕರ್ರಗಾಯಿತು.

ಮೊದಲ ಲೋಟ ಬಂದವಳಿಗೆ. ಆಮೇಲೆ ಮಾವನಿಗೆ, ಗಂಡನಿಗೆ, ಮೈದುನನಿಗೆ, ಮಕ್ಕಳಿಗೆ, ಅತ್ತೆಗೆ. ಪಾತ್ರೆಯ ತಳದಲ್ಲಿ ಉಳಿದದ್ದು ಚಲುವಮ್ಮನಿಗೆ. ಅದು ಅರ್ಧ ಲೋಟವೂ ಇರಲಿಲ್ಲ, ಅದರಲ್ಲಿ ಕಾಫಿಪುಡಿಯ ಗಷ್ಟೇ ಹೆಚ್ಚು.

ಬೊಳ್ಳಮ್ಮ ಲೋಟ ಹಿಡಿದುಕೊಂಡು ಕುಡಿಯದೆ ಕೂತಳು. ಇದೇಕೆ ಹೀಗೆ ಎಂದು ಮೆತ್ತಗೆ ಕೇಳಿದಳು.

“ಹಂಗೇ ಕೊಟ್ರೆ ವಾಂತಿ ಮಾಡ್ಕತಾಳೆ ಕಣವ್ವ,” ಎಂದಳು ಕಾಂತಮ್ಮ. “ಕಾಫಿಗಾಕಿದ್ರೆ ಗೊತ್ತೇ ಆಗಲ್ಲ. ಶಕ್ತಿ ಔಸ್ದಿ, ಎಲ್ರಿಗೂ ಒಳ್ಳೇದೇ ತಾನೆ. ಸೊಸೆ ಒಬ್ಬಳಿಗೇ ಬ್ಯಾರೆ ಲೋಟ ಇಟ್ರೆ ನೋಡ್ದೋರು ಏನಂತಾರೆ? ರೋಗದ ಸೊಸೆ ತಂದವ್ರೆ ಅನ್ನಲ್ವ?”

ಈ ಉಪಾಯವನ್ನು ತಾನೇ ಸಂತೆಯ ದಾರಿಯಲ್ಲಿ ಉಳಿದವರಿಗೂ ಹೇಳಿಕೊಟ್ಟದ್ದು ಎಂದು ಆಕೆ ಹೆಮ್ಮೆಯಿಂದಲೇ ಸೇರಿಸಿದಳು. ಬೊಳ್ಳಮ್ಮ ಮನಸ್ಸಿನಲ್ಲೇ ಮನೆಗಳನ್ನು ಸುತ್ತಿ ಬಂದಳು. ವಾರಕ್ಕೆ ಎರಡು ಸಲ, ಹೋದಲ್ಲೆಲ್ಲ ಮೊದಲ ಲೋಟ, ತುಂಬಿದ ಲೋಟ. ಹೊಸಗದ್ದೆಯಲ್ಲಿ ಬಸುರಿಯರ ಔಷಧಿಯನ್ನು ಎಲ್ಲರಿಗಿಂತ ಹೆಚ್ಚು ಕುಡಿದವಳು ಅವಳೇ. ಚಲುವಮ್ಮ ಆಣೆ ಇಟ್ಟು ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ, ಒಂದು ಹೊತ್ತೂ ತಪ್ಪಿಸಿರಲಿಲ್ಲ. ಕುಡಿಯುತ್ತೀಯಾ ಎಂದು ಕೇಳಿದರೆ ಕುಡಿಯುತ್ತೇನೆ ಎಂದಳು. ಹೇಗೆ ಕುಡಿಯುತ್ತೀಯ ಎಂದು ಯಾರೂ ಕೇಳಲಿಲ್ಲ. ಬೊಳ್ಳಮ್ಮನಿಗೆ ನಾಚಿಕೆಯಾಯಿತು. ಅಂಥ ನಾಚಿಕೆ ಅವಳಿಗೆ ಅದಕ್ಕೆ ಮೊದಲು ಆಗಿರಲಿಲ್ಲ, ಆಮೇಲೂ ಆದದ್ದು ಕಡಿಮೆ.

ಅಂದು ಮಧ್ಯಾಹ್ನವೇ ನಾಲ್ಕನೆಯ ಪ್ರಶ್ನೆಯನ್ನು ಬರೆದಳು. ಬರೆದು, ಹೊಡೆದು, ಮತ್ತೆ ಬರೆದು, ಕಡೆಗೆ ಹೀಗೆ ನಿಲ್ಲಿಸಿದಳು: ‘ಔಷಧಿಯನ್ನು ಮನೆಯ ಕಾಫಿ ಪಾತ್ರೆಗೆ ಹಾಕದೆ, ಬಸುರಿಯೊಬ್ಬಳೇ ಬೇರೆ ಲೋಟದಲ್ಲಿ ಕುಡಿದರೆ, ಆರು ವಾರದಲ್ಲಿ ಅವಳ ರಕ್ತ ಒಂದು ಚೌಕವಾದರೂ ಏರುತ್ತದೆಯೇ?’ ಏರದೆಯೂ ಇರಬಹುದು. ‘ಇಲ್ಲ’ ಎನ್ನುವುದಕ್ಕೆ ಇದರಲ್ಲಿ ಬೇಕಾದಷ್ಟು ಜಾಗವಿತ್ತು.

ಆ ವಾರ ವಿಶಾಲಾಕ್ಷಮ್ಮ ಬಂದಾಗ ದೇರಪ್ಪನವರೂ ಕೂತು ಓದಿದರು. ಕಾಫಿಯ ಕಥೆ ಕೇಳಿ ಮೊದಲು ನಕ್ಕರು, ಆಮೇಲೆ ಗಂಭೀರವಾದರು. ವರದಿಯನ್ನು ತಡೆದು ಇಟ್ಟುಕೊಳ್ಳುತ್ತೇನೆ ಎಂದರು. ಆದರೆ ಪ್ರಶ್ನೆ ಕೇಳಿದ ಮೇಲೆ ಹೋಲಿಸಿ ನೋಡಲು ಎರಡು ಗುಂಪು ಬೇಕಲ್ಲವೇ, ಏಳು ಮಂದಿಗೆ ಬೇರೆ ಲೋಟ ಕೊಡಿಸು, ಇನ್ನೇಳು ಮಂದಿ ಈಗ ಕುಡಿಯುವ ಹಾಗೆಯೇ ಕುಡಿಯಲಿ, ಅವರಿಗೆ ಏನೂ ಹೇಳಬೇಡ ಎಂದು ಸೂಚಿಸಿದರು. ಪುಸ್ತಕದ ಪ್ರಕಾರ ಅವರು ಹೇಳಿದ್ದು ತಪ್ಪೂ ಆಗಿರಲಿಲ್ಲ. ವಿಶಾಲಾಕ್ಷಮ್ಮ ಬೊಳ್ಳಮ್ಮನ ಕಡೆ ನೋಡಿದರು.

ಬೊಳ್ಳಮ್ಮನ ಕಣ್ಣ ಮುಂದೆ ಬಂದದ್ದು ಅಕ್ಕನ ಅಂಗಾಲು. ಯಾವ ಏಳು ಮಂದಿಗೆ ಹೇಳದೆ ಬಿಡುವುದು? ಚಲುವಮ್ಮನನ್ನು ಯಾವ ಗುಂಪಿಗೆ ಹಾಕುವುದು?

“ನಾನು ಹದಿನಾಲ್ಕು ಮನೆಗೂ ಹೇಳ್ತೇನೆ ಸಾರ್,” ಎಂದಳು.

“ಹೇಳಿದರೆ ಹೋಲಿಸಿ ನೋಡೋದು ಯಾರ ಜೊತೆ?”

“ಅವರ ಜೊತೆಗೇ. ಹಿಂದಿನ ಆರು ವಾರದ ಒತ್ತುಕಾಗದ ನನ್ನ ಹತ್ತಿರ ಉಂಟು, ಹೆಸರು, ತಾರೀಕು ಸಮೇತ. ಅದು ಪಾತ್ರೆಯ ಲೆಕ್ಕ. ಮುಂದಿನ ಆರು ವಾರ ಲೋಟದ ಲೆಕ್ಕ. ಅದೇ ಹದಿನಾಲ್ಕು ಜನ, ಅದೇ ಔಷಧಿ.”

ಹಾಗೆ ಮಾಡಿದರೆ ಉತ್ತರ ಅಷ್ಟು ಗಟ್ಟಿಯಾಗುವುದಿಲ್ಲ, ಬೇರೆ ಕಾರಣಕ್ಕೂ ರಕ್ತ ಏರಿರಬಹುದು ಎಂದು ದೇರಪ್ಪನವರು ಬಿಡಿಸಿ ಹೇಳಿದರು. ಪರೀಕ್ಷೆಯವರು ಒಪ್ಪದೆಯೂ ಇರಬಹುದು ಎಂದರು. ಬೊಳ್ಳಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಒಪ್ಪದಿದ್ದರೆ ಮತ್ತೆ ಆಯಾ ಆಗುತ್ತೇನೆ, ಒಬ್ಬಳಿಗೂ ಹೇಳದೆ ಬಿಡುವುದಿಲ್ಲ ಎಂದಳು. ಬಟ್ಟೆ ಒಗೆಯಲು ಮತ್ತೆ ಹೋಗುವುದಿಲ್ಲ ಎಂದು ಪಣ ತೊಟ್ಟಿದ್ದವಳ ಬಾಯಲ್ಲೇ ಆ ಮಾತು ಬಂತು. ವಿಶಾಲಾಕ್ಷಮ್ಮ ಕೆಂಪು ಪೆನ್ಸಿಲನ್ನು ಕೈಗೆ ತೆಗೆದುಕೊಂಡರು. ಪ್ರಶ್ನೆಯನ್ನು ಇನ್ನೊಮ್ಮೆ ಓದಿ, ಅದರ ಕೆಳಗೆ ತಮ್ಮ ಸಹಿ ಹಾಕಿ ಪುಸ್ತಕ ಮಡಚಿದರು.

ಹೇಳುವುದೇನೋ ಹೇಳಿದಳು, ಅತ್ತೆಯರು ಕೇಳಬೇಕಲ್ಲ. ಮೊದಲ ವಾರ ಮನೆ ಮನೆಗೂ ಹೋಗಿ ಬಿಡಿಸಿ ಹೇಳಿದಳು; ಎಲ್ಲರೂ ಹೂಂ ಎಂದರು, ಪಾತ್ರೆಗೇ ಸುರಿದರು. ಬೇರೆ ಲೋಟ ಎಂಬ ಮಾತೇ ಅವರಿಗೆ ಒಗ್ಗಲಿಲ್ಲ. ಆಗ ಬೊಳ್ಳಮ್ಮ ಮಾಡಿದ ಕೆಲಸವನ್ನು ಹೊಸಗದ್ದೆಯವರು ಬಹಳ ಕಾಲ ಹೇಳಿಕೊಂಡರು. ಕಾಂತಮ್ಮ ಕೊಟ್ಟ ಕಾಫಿಯನ್ನು ಅವಳು ಬಾಯಿಗೆ ಮುಟ್ಟಿಸದೆ ನೆಲದ ಮೇಲೆ ಇಟ್ಟಳು.

“ನಿಮ್ಮ ಸೊಸೆಯ ಕಾಗದ ಕೆಂಪಾಗುವವರೆಗೆ ಈ ಮನೆ ಕಾಫಿ ನಂಗೆ ಬೇಡ ಅವ್ವ. ಅವಳ ಪಾಲಿನದ್ದು ನಾನು ಕುಡಿದದ್ದು ಸಾಕು.”

ಹದಿನಾಲ್ಕು ಮನೆಯಲ್ಲೂ ಅದೇ ಮಾತು. ಸುಳ್ಳು ಶಪಥವಾಗಬಾರದೆಂದು ಕ್ವಾರ್ಟರ್ಸಿನಲ್ಲೂ ಕಾಫಿ ಬಿಟ್ಟಳು. ಹುಟ್ಟಿದಾಗಿನಿಂದ ಕಾಫಿಯಲ್ಲೇ ಬೆಳೆದವಳು, ಮೂರು ದಿನ ತಲೆ ಸಿಡಿಯಿತು. ಹಣೆಗೆ ಬಟ್ಟೆ ಕಟ್ಟಿಕೊಂಡೇ ಸೀಸೆ ತುಂಬಿದಳು. ಸುದ್ದಿ ಮುಂದಿನ ಶನಿವಾರದ ಹೊತ್ತಿಗೆ ಸಂತೆ ತಲುಪಿತ್ತು. ಅವರ ಮನೆ ಕಾಫಿಯನ್ನು ನರ್ಸಮ್ಮ ಮುಟ್ಟುವುದಿಲ್ಲವಂತೆ ಎಂದು ನಾಲ್ಕು ಜನ ಆಡಿಕೊಳ್ಳುವುದೆಂದರೆ ಸಣ್ಣ ಅವಮಾನವೇ? ಕಾಂತಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು, ಒಂದು ಲೋಟಕ್ಕೆ ಗೆರೆಯಷ್ಟು ಔಷಧಿ ಹಾಕಿ, ನೀರು ಬೆರೆಸಿ ಕೊಟ್ಟು, ವಾಂತಿ ಬಂದರೆ ಎರಡು ಬಾರಿಸುತ್ತೇನೆ ಎಂದು ಹೆದರಿಸಿ, ಮೇಲಿಂದ ಬಾಯಿಗೆ ಬೆಲ್ಲದ ಚೂರು ತುರುಕಿದಳಂತೆ. ಕಾಂತಮ್ಮನ ಮನೆಯಲ್ಲಿ ಆದದ್ದು ಉಳಿದ ಮನೆಗಳಲ್ಲಿ ಆಗದೆ ಇರುತ್ತದೆಯೇ? ಯಾರ ಸೊಸೆಯ ಕಾಗದ ಮೊದಲು ಕೆಂಪಾಗುತ್ತದೆ, ನರ್ಸಮ್ಮ ಮೊದಲು ಯಾರ ಮನೆಯ ಕಾಫಿ ಕುಡಿಯುತ್ತಾಳೆ ಎಂದು ಅತ್ತೆಯರಲ್ಲೇ ಪೈಪೋಟಿ ಬಿತ್ತು.

ಪ್ರತಿ ಶನಿವಾರ ಬೆರಳಿಗೆ ಸೂಜಿ, ಒತ್ತುಕಾಗದಕ್ಕೆ ತೊಟ್ಟು. ಎರಡನೆಯ ವಾರ ಏನೂ ಇಲ್ಲ. ಮೂರನೆಯ ವಾರ ಚಲುವಮ್ಮನ ನಾಲಿಗೆ ಕಪ್ಪಾಯಿತು, ಕಾಗದ ಮಾತ್ರ ನಾಲ್ಕರಲ್ಲೇ ನಿಂತಿತ್ತು. ಬೊಳ್ಳಮ್ಮನಿಗೆ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ. ಕಾಗದವನ್ನು ಕಿಟಕಿಗೆ ಹಿಡಿದು, ಬಾಗಿಲಿಗೆ ಹಿಡಿದು, ಬೇಕೆಂದೇ ಐದು ಎಂದು ಓದಲು ಮನಸ್ಸು ಎಳೆಯುತ್ತಿತ್ತು. ಅದಕ್ಕಾಗಿ ಕಾಗದದ ಹಿಂದೆ ಹೆಸರು ಬರೆದು, ಯಾರದೆಂದು ಗೊತ್ತಾಗದಂತೆ ಹೆಸರು ಕೆಳಗೆ ಮಾಡಿ ಕಲಸಿ, ದೇರಪ್ಪನವರ ಕೈಯಲ್ಲೇ ಓದಿಸುವುದೆಂದು ಮಾಡಿದಳು. ತನ್ನ ಆಸೆಯನ್ನು ತಾನೇ ನಂಬದ ಆ ಬುದ್ಧಿಯನ್ನು ನೋಡಿ ದೇರಪ್ಪನವರು ಅಂದಿನಿಂದ ಅವಳನ್ನು ನೀವು ಎಂದು ಕರೆಯತೊಡಗಿದರು.

ಆರನೆಯ ಶನಿವಾರ ಅವರೇ ಓದಿದರು. ಹದಿನಾಲ್ಕು ಕಾಗದಗಳಲ್ಲಿ ಹನ್ನೊಂದು ಏರಿದ್ದವು. ಆರನೆಯ ಚೌಕವನ್ನು ಸರಿಯಾಗಿ ಮುಟ್ಟಿದ ಕಾಗದವೊಂದನ್ನು ಮಗುಚಿದರೆ ಹಿಂದೆ ಚಲುವಮ್ಮನ ಹೆಸರಿತ್ತು. ಬೊಳ್ಳಮ್ಮ ಆ ಕಾಗದವನ್ನು ಇನ್ನೊಮ್ಮೆ ಕೈಗೆ ತೆಗೆದುಕೊಂಡು ನೋಡಿದಳು. ಆಮೇಲೆ ಏರದ ಮೂರು ಕಾಗದಗಳನ್ನು ಬೇರೆ ತೆಗೆದಿಟ್ಟಳು.

ಮಡಿಕೇರಿಯಲ್ಲಿ ವರದಿ ಒಪ್ಪಿಸಿದ ದಿನ ಪರೀಕ್ಷೆಗೆ ಬಂದಿದ್ದವರು ಆ ಮೂವರ ಬಗ್ಗೆಯೇ ಕೇಳಿದರು. ಬೇರೆ ಲೋಟದಲ್ಲಿ ಕುಡಿದೂ ಅವರಿಗೆ ಏಕೆ ಏರಲಿಲ್ಲ? ಬೊಳ್ಳಮ್ಮ ಗೊತ್ತಿಲ್ಲ ಎಂದಳು. ಇಬ್ಬರು ಬರಿಗಾಲಲ್ಲಿ ತೋಟದ ಕೆಲಸಕ್ಕೆ ಹೋಗುವವರು, ಹೊಟ್ಟೆಯಲ್ಲಿ ಹುಳು ಇರಬಹುದು, ಆದರೆ ತಾನು ನೋಡಿಲ್ಲ, ನೋಡದೆ ಹೇಳುವುದಿಲ್ಲ, ಅದು ಮುಂದಿನ ಪ್ರಶ್ನೆ ಎಂದಳು. ವಿಶಾಲಾಕ್ಷಮ್ಮ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂತಿದ್ದರು. ಅವರು ನಗುತ್ತ ಇದ್ದುದು ಅವಳಿಗೆ ಕಂಡಿತು. ಸರ್ಟಿಫಿಕೇಟ್ ಕೈಗೆ ಬಂತು. ಆ ಮುಂದಿನ ಪ್ರಶ್ನೆಯನ್ನೂ, ಅದರ ಮುಂದಿನದನ್ನೂ ಬೊಳ್ಳಮ್ಮ ಕೇಳುತ್ತಲೇ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿ ನಿವೃತ್ತಳಾದಳು. ಅವಳ ಕೈಕೆಳಗೆ ಕಲಿತವರು ಮೊದಲು ಬರೆದು ತಂದ ಪ್ರಶ್ನೆಗಳೆಲ್ಲ ಕೆಂಪು ಪೆನ್ಸಿಲಿಗೇ ಹೋಗುತ್ತಿದ್ದವಂತೆ.

ಆದರೆ ಹೇಳಬೇಕಾದ್ದು ಸರ್ಟಿಫಿಕೇಟಿನ ಮಾತಲ್ಲ. ಮಡಿಕೇರಿಗೆ ಹೋಗುವುದಕ್ಕೆ ಮೊದಲೇ, ಏಪ್ರಿಲಿನಲ್ಲಿ, ಮೊದಲ ಮಳೆ ಬಿದ್ದು ತೋಟವೆಲ್ಲ ಕಾಫಿ ಹೂವಿನಿಂದ ಬೆಳ್ಳಗಾಗಿದ್ದ ಒಂದು ಬೆಳಿಗ್ಗೆ ಚಲುವಮ್ಮನಿಗೆ ನೋವು ಶುರುವಾಯಿತೆಂದು ಕರೆ ಬಂತು. ಆಗ ಅವಳ ರಕ್ತ ಏಳರ ಹತ್ತಿರವಿತ್ತು. ಬೊಳ್ಳಮ್ಮ ನಡೆದು ಹೋಗಲಿಲ್ಲ, ಓಡಿದಳು. ಹೆರಿಗೆ ಮಧ್ಯಾಹ್ನದವರೆಗೆ ಎಳೆಯಿತು. ಹೆಣ್ಣು ಕೂಸು ಬಂತು, ಅತ್ತಿತು, ಮಾಸು ಬಿತ್ತು. ಆಮೇಲೆ ಒಂದು ಗಂಟೆ ಬೊಳ್ಳಮ್ಮ ಬಾಣಂತಿಯ ಹೊಟ್ಟೆಯ ಮೇಲಿನ ಕೈಯನ್ನು ತೆಗೆಯಲಿಲ್ಲ. ಬಟ್ಟೆ ನೋಡಿದಳು, ಮತ್ತೆ ನೋಡಿದಳು. ಹೋಗಬೇಕಾದಷ್ಟೇ ರಕ್ತ ಹೋಗಿ ನಿಂತಿತ್ತು. ಕಡೆಗೆ ಕಾಲ ಬಳಿ ಕೂತು ಚಲುವಮ್ಮನ ಅಂಗಾಲನ್ನು ಎರಡೂ ಕೈಯಲ್ಲಿ ಹಿಡಿದಳು. ಅದು ಬೆಚ್ಚಗಿತ್ತು, ಒತ್ತಿದರೆ ಬೆಳ್ಳಗಾಗಿ ಮತ್ತೆ ಕೆಂಪಾಗುತ್ತಿತ್ತು. ಬೊಳ್ಳಮ್ಮ ಅದನ್ನು ನಾಲ್ಕೈದು ಸಲ ಒತ್ತಿ ನೋಡಿದಳು, ಆಮೇಲೆ ಅಳು ಬಂತು.

ಹೊರಗೆ ಜಗಲಿಗೆ ಬಂದು ಕೈ ತೊಳೆದು ಕೂತಾಗ ಕಾಂತಮ್ಮ ಲೋಟ ಹಿಡಿದು ಬಂದಳು. ಕಾಗದ ಕೆಂಪಾದ ಮೇಲೂ ಹೆರಿಗೆಯೊಂದು ಆಗಲಿ ಎಂದು ಬೊಳ್ಳಮ್ಮ ತಡೆದುಕೊಂಡಿದ್ದಳು; ಎಂಟು ವಾರದ ಮೇಲೆ ಮೂಗಿಗೆ ಬಡಿದ ವಾಸನೆ. ಬೊಳ್ಳಮ್ಮ ಅಭ್ಯಾಸಬಲದಿಂದ ಲೋಟವನ್ನು ಬೆಳಕಿಗೆ ಓರೆ ಮಾಡಿ ಬಣ್ಣ ನೋಡಿದಳು.

“ನೋಡ್ಬೇಡ, ಕುಡಿ,” ಎಂದಳು ಕಾಂತಮ್ಮ ಪಕ್ಕದಲ್ಲಿ ಕೂರುತ್ತ. “ಬರೀ ಕಾಫಿ ಕಣವ್ವ. ಅವಳ ಪಾಲು ಅವಳು ಕುಡಿದಾಯ್ತು, ಇದು ನಿಂದು.”